ಕ್ಯಾಂಪರನ್ನು ಟ್ರಕ್‌ನಿಂದ ಇಳಿಸಿ ನೋಡಿ

ಪಿಕಪ್ ಟ್ರಕ್‌ನ ಹಿಂಬದಿಯಲ್ಲಿ ಕೂರಿಸುವ, ಚಾವಣಿ ಮೇಲೆದ್ದಾಗ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಪುಟ್ಟ ಮನೆಯೇ ಪಾಪ್‌ಅಪ್ ಟ್ರಕ್ ಕ್ಯಾಂಪರ್. ಅದು ಒಂದೆರಡು ರಾತ್ರಿಗಷ್ಟೇ ಲಾಯಕ್ಕು ಎಂದು ಅದರ ಬಗೆಗಿನ ಲೇಖನವೊಂದರಲ್ಲಿ ಲೇಖಕರು ತೀರ್ಪು ಕೊಟ್ಟಿದ್ದಾರೆ. ಖಂಡಿತ ಒಪ್ಪಲಾರೆ. ಅಮೆರಿಕದ ಅರಿಝೋನಾದಲ್ಲಿ, ಕ್ವಾರ್ಟ್‌ಸೈಟ್ ಸುತ್ತಲಿನ ಮರುಭೂಮಿಯಲ್ಲಿ, ನಾವಿಬ್ಬರೂ ಚಳಿಗಾಲದಲ್ಲಿ ವಾರಗಟ್ಟಲೆ ಇದರಲ್ಲೇ ಇರುತ್ತೇವೆ. ಅಲ್ಲಿನ ಸರ್ಕಾರಿ ಬಯಲಿನಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ತಂಗಬಹುದು. ಪರವಾನಗಿ ಪಡೆದರೆ ಲಾ ಪೋಸಾದಂಥ ದೀರ್ಘಾವಧಿ ತಾಣಗಳಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೂ ಇರಬಹುದು.

ಲೇಖಕರ ದೊಡ್ಡ ದೂರು, ನೀರು ತರಲು ಹೊರಟಾಗಲೆಲ್ಲ ಮನೆಯನ್ನೇ ಮಡಚಬೇಕು ಎಂಬುದು. ಎತ್ತಿ ಇಳಿಸುವ ಕಾಲುಗಳು, ಅಂದರೆ ಜಾಕ್‌ಗಳು, ಇರುವ ಕ್ಯಾಂಪರಾದರೆ ಬಂದ ದಿನವೇ ಅದನ್ನು ಇಳಿಸಿ, ಟ್ರಕ್ಕನ್ನು ಬಿಡಿಸಿಕೊಳ್ಳಿ. ನೆಲಕ್ಕೆ ಆದಷ್ಟು ಹತ್ತಿರ ತಗ್ಗಿಸಿ, ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಡಿ. ಬರೀ ಜಾಕ್‌ಗಳ ಮೇಲೆ ಭಾರ ಬಿಡಬೇಡಿ, ಅಲುಗಾಟಕ್ಕೆ ನಿದ್ದೆ ಹತ್ತುವುದಿಲ್ಲ.

ನಿಜವಾದ ತೊಂದರೆ ತೇವದ್ದು, ಲೇಖಕರು ಅದನ್ನು ಮುಟ್ಟಿಯೇ ಇಲ್ಲ. ಒಲೆಯ ಅನಿಲವಾದ ಪ್ರೊಪೇನ್ ಒಂದು ಕಿಲೋ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಲೆ ಉರಿಸಿದ ಚಳಿಯ ಬೆಳಗ್ಗೆ ಬಟ್ಟೆಯ ಗೋಡೆಯ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ಹಾಸಿಗೆಯ ಅಂಚಿಗೆ ಇಳಿಯುತ್ತವೆ. ಅಡುಗೆ ಮಾಡುವಾಗ ಚಾವಣಿಯ ಕಿಂಡಿಯನ್ನೂ ಒಂದು ಕಿಟಕಿಯನ್ನೂ ತೆರೆದಿಡಿ, ಹಾಸಿಗೆಯನ್ನು ಎತ್ತಿ ಗಾಳಿಯಾಡಿಸಿ. ಒದ್ದೆ ಗೋಡೆಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುವುದು ಖಚಿತ. ಮರುಭೂಮಿಯ ಬಿಸಿಲು ಮಧ್ಯಾಹ್ನದೊಳಗೆ ಎಲ್ಲವನ್ನೂ ಒಣಗಿಸಿಕೊಡುತ್ತದೆ. ಮಳೆಯ ಸೀಮೆಯಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಮಾತ್ರ ಗಟ್ಟಿ ಗೋಡೆಯದ್ದೇ ಒಳ್ಳೆಯದು.