ಬಲಗೆನ್ನೆ ಮತ್ತು ಕೊಳಗ

ಅಡಿಕೆ ಸುಲಿಯುವ ಕೂಲಿ ಜಾಸ್ತಿ ಮಾಡಿ ಎಂದು ಕೇಳಿದ ಹೆಂಗಸರಿಗೆ ಮೊನ್ನೆ ಒಂದು ಪ್ರಾರ್ಥನಾಕೂಟದಲ್ಲಿ ಕೊಟ್ಟ ಉತ್ತರ ಕೇಳಿ ಇನ್ನೂ ಹೊಟ್ಟೆ ಉರಿಯುತ್ತಿದೆ. "ಯೇಸುಸ್ವಾಮಿ ಏನು ಹೇಳಿದ್ದಾರೆ? ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ಒಡ್ಡು. ಜಗಳ ಮಾಡೋದು ಕ್ರೈಸ್ತರ ಗುಣ ಅಲ್ಲ." ಹೇಳಿದವರು ಯಾರು, ಯಾವ ಸಭೆ ಎಂಬುದು ಬೇಡ. ಈ ಮಾತು ತೀರ್ಥಹಳ್ಳಿಯಿಂದ ಸಾಗರದವರೆಗೆ ಎಲ್ಲಿ ಬೇಕಾದರೂ ಕೇಳಿಬರುವಂಥದ್ದು. ಸತ್ಯವೇದವನ್ನು, ಅಂದರೆ ಬೈಬಲನ್ನು, ಬಡವರ ಬಾಯಿ ಮುಚ್ಚಿಸಲು ಬಳಸುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಮೊದಲು ಆ ವಚನವನ್ನೇ ಸರಿಯಾಗಿ ಓದೋಣ. ಮತ್ತಾಯ 5:39ರಲ್ಲಿ ಬರೀ 'ಕೆನ್ನೆ' ಎಂದಿಲ್ಲ, 'ಬಲಗೆನ್ನೆ' ಎಂದಿದೆ. ಎದುರಿಗೆ ನಿಂತವರ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಅಂಗೈಯಿಂದ ಆಗುವುದಿಲ್ಲ, ಹಿಂಗೈಯನ್ನೇ, ಅಂದರೆ ಅಂಗೈಯ ಹಿಂಭಾಗವನ್ನೇ ಬೀಸಬೇಕು. ಅದು ಹೊಡೆದಾಟದ ಏಟಲ್ಲ. ಒಡೆಯ ಆಳಿಗೆ ಹೊಡೆಯುವ, 'ನೀನು ನನ್ನ ಸಮಾನ ಅಲ್ಲ' ಎನ್ನುವ ಏಟು. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಕೆನ್ನೆಗೆ ಹೊಡೆದವನಿಗೆ 200 ಜೂಜ್ (ಬೆಳ್ಳಿ ನಾಣ್ಯ) ದಂಡ, ಹಿಂಗೈಯಿಂದ ಹೊಡೆದರೆ 400. ನೋವು ಕಡಿಮೆ, ದಂಡ ಎರಡರಷ್ಟು, ಏಕೆಂದರೆ ಅಲ್ಲಿ ತೂಗುವುದು ಅವಮಾನವನ್ನು. ಅಂಥ ಏಟು ತಿಂದವನು ತಲೆ ತಗ್ಗಿಸದೆ ಎಡಗೆನ್ನೆ ಒಡ್ಡಿ ನಿಂತರೆ ಒಡೆಯನಿಗೆ ಅದೇ ಹಿಂಗೈ ಇನ್ನು ಬಳಕೆಗೆ ಬರುವುದಿಲ್ಲ. ತಿರುಗಿ ಹೊಡೆಯದೆಯೇ ಆಳು ಒಡೆಯನ ಎದುರು ಮನುಷ್ಯನಾಗಿ ನಿಂತಿರುತ್ತಾನೆ. ಇದು ಎಲ್ಲ ಪಂಡಿತರೂ ಒಪ್ಪಿದ ಅರ್ಥವಲ್ಲ ಎಂಬುದು ಗೊತ್ತು. ಆದರೆ 'ಬಲ' ಎಂಬ ಪದ ಅಲ್ಲೇಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಇದನ್ನು ಒಪ್ಪದವರು ಯೋಹಾನ 18:22-23 ತೆಗೆಯಲಿ. ಮಹಾಯಾಜಕನ ಎದುರು ಕಾವಲಿನ ಓಲೇಕಾರನೊಬ್ಬ ಯೇಸುವಿನ ಕೆನ್ನೆಗೇ ಹೊಡೆಯುತ್ತಾನೆ. ಯೇಸು ಸುಮ್ಮನಿರುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. ನಾನು ಆಡಿದ್ದು ತಪ್ಪಾದರೆ ಏನು ತಪ್ಪೆಂದು ತೋರಿಸು, ಸರಿಯಾದರೆ ನನ್ನನ್ನು ಯಾಕೆ ಹೊಡೆಯುತ್ತೀ ಎಂದು ಕೇಳುತ್ತಾನೆ. ಕೂಲಿ ಕೇಳಿದ ಆ ಹೆಂಗಸರು ಮಾಡಿದ್ದೂ ಇಷ್ಟೇ ಅಲ್ಲವೇ? ಯಾರಿಗೆ ಕೈ ಎತ್ತಿದರು ಅವರು? ಯಾಕೆ ಎಂದು ಕೇಳಿದರು.

ಮತ್ತಾಯನ ಬಲಗೆನ್ನೆಯ ವಚನದ ಮುಂದಿನ ಎರಡು ವಚನಗಳನ್ನಂತೂ ಯಾರೂ ಓದುವುದೇ ಇಲ್ಲ. ಅಂಗಿಗಾಗಿ ನ್ಯಾಯಸ್ಥಾನಕ್ಕೆ ಎಳೆದವನಿಗೆ ಮೇಲ್ಹೊದಿಕೆಯನ್ನೂ ಕೊಟ್ಟುಬಿಡು ಎಂಬುದೊಂದು. ಇದರ ಬೇರು ವಿಮೋಚನಕಾಂಡ 22:26-27ರಲ್ಲಿದೆ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು, ಅವನಿಗೆ ಹೊದೆಯಲು ಇರುವುದು ಅದೊಂದೇ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲು ಮಳೆಗೆ ಕೊಪ್ಪೆ, ರಾತ್ರಿ ಹಾಸಿಗೆ, ಎರಡೂ ಅದೇ ಕಂಬಳಿಯಾಗಿದ್ದ ಮನೆಗಳು ಎಷ್ಟಿರಲಿಲ್ಲ! ಕಾನೂನು ಮುಟ್ಟಬೇಡ ಎಂದ ಹೊದಿಕೆಯನ್ನೂ ಸಾಲಗಾರ ಬಿಚ್ಚಿಕೊಟ್ಟು ನಿಂತರೆ ನಾಚಬೇಕಾದವನು ಸಾಲ ಕೊಟ್ಟವನು.

ಇನ್ನೊಂದು, ಒಂದು ಮೈಲಿ ಬಾ ಎಂದು ಬಲವಂತ ಮಾಡಿದವನ ಜೊತೆ ಎರಡು ಮೈಲಿ ಹೋಗು ಎಂಬ ಮಾತು. ರೋಮಿನ ಸಿಪಾಯಿ ದಾರಿಯಲ್ಲಿ ಸಿಕ್ಕವನನ್ನು ಹಿಡಿದು ಹೊರೆ ಹೊರಿಸುತ್ತಿದ್ದ. ನಮ್ಮ ಮಾತಿನಲ್ಲಿ ಬಿಟ್ಟಿ, ಕೂಲಿಯಿಲ್ಲದ ಬಲವಂತದ ದುಡಿಮೆ. ಗ್ರೀಕಿನಲ್ಲಿ ಇದಕ್ಕಿರುವ ಪದವನ್ನೇ ಮತ್ತಾಯ ಇನ್ನೊಂದು ಕಡೆ, 27:32ರಲ್ಲಿ, ಕುರೇನ್ಯದ ಸೀಮೋನನಿಗೆ ಶಿಲುಬೆ ಹೊರಿಸುವಾಗ ಬಳಸುತ್ತಾನೆ. ಬಿಟ್ಟಿ ಹಿಡಿಯುವುದು ದೇವರಿಗೆ ಒಪ್ಪಿಗೆ ಎಂದು ಈ ಸುವಾರ್ತೆಯಿಂದ ತೋರಿಸಲು ಯಾರಿಂದಲೂ ಆಗದು.

ನನ್ನ ತಕರಾರು ಇಷ್ಟೇ. ಏಟು ತಿಂದವನಿಗೆ ಹೇಳಿದ ಮಾತನ್ನು ಜೋರಾಗಿ ಓದುತ್ತೀರಿ, ಅಳೆಯುವವನಿಗೆ ಹೇಳಿದ್ದನ್ನು ಯಾಕೆ ಓದುವುದಿಲ್ಲ? ಧರ್ಮೋಪದೇಶಕಾಂಡ 25:13-15: ಮನೆಯಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ಅಳತೆ ಇರಬಾರದು. ಯಾಜಕಕಾಂಡ 19:35-36: ತಕ್ಕಡಿ, ಕಲ್ಲು, ಅಳತೆ ಎಲ್ಲ ನ್ಯಾಯವಾಗಿರಬೇಕು. ಆಮೋಸ 8:5-6 ಇನ್ನೂ ಖಾರ. ಸಬ್ಬತ್ (ವಾರದ ವಿಶ್ರಾಂತಿ ದಿನ) ಯಾವಾಗ ಮುಗಿದೀತು, ಅಳತೆ ಕುಗ್ಗಿಸಿ ಬೆಲೆ ಹಿಗ್ಗಿಸಿ, ಜೊಳ್ಳನ್ನೂ ಮಾರಿ, ಒಂದು ಜೊತೆ ಕೆರಕ್ಕೆ ಬಡವನನ್ನು ಕೊಂಡುಕೊಳ್ಳೋಣ ಎಂದು ಕಾದು ಕೂತ ವ್ಯಾಪಾರಿಗಳು ಅಲ್ಲಿದ್ದಾರೆ. ಆರಾಧನೆಯಲ್ಲಿ ಕೂತು ಅಳತೆಯ ಯೋಚನೆ ಮಾಡುವವರು!

ಶಿವಮೊಗ್ಗ ಜಿಲ್ಲೆಯವರಿಗೆ ಅಳತೆಯ ಅನ್ಯಾಯ ಎಂದರೇನು ಎಂದು ಪಾಠ ಹೇಳಬೇಕೇ? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಪ್ರಶ್ನೆಯ ಮೇಲೆ. ರೈತ ನಾಯಕ ಎಚ್. ಗಣಪತಿಯಪ್ಪನವರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಸಮಾಜವಾದಿ ಮುಖಂಡ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ರೈತರು ತಂಡ ತಂಡವಾಗಿ ಗದ್ದೆಗಿಳಿದು ಜೈಲಿಗೆ ಹೋದರು. ಅವರು ಕ್ರೈಸ್ತರಲ್ಲ, ಸತ್ಯವೇದ ಓದಿ ಎದ್ದವರೂ ಅಲ್ಲ, ಅವರ ಹೋರಾಟಕ್ಕೆ ನಮ್ಮ ಮೊಹರು ಒತ್ತುವ ಹಕ್ಕು ನಮಗಿಲ್ಲ. ಆದರೆ ಕೈ ಎತ್ತದೆ, ತಲೆಯನ್ನೂ ತಗ್ಗಿಸದೆ ಕೊಳಗದ ಲೆಕ್ಕ ಕೇಳುವುದು ಹೇಗೆಂದು ಕ್ರೈಸ್ತ ಮಕ್ಕಳಿಗೆ ತೋರಿಸಬೇಕಾದರೆ ನಾನು ಯೇಸುವಿನ ನಾಡು ಗಲಿಲಾಯಕ್ಕಿಂತ ಮೊದಲು ಕಾಗೋಡಿಗೆ ಕರೆದುಕೊಂಡು ಹೋಗುತ್ತೇನೆ.

"ಹಾಗಾದರೆ ದೇವಾಲಯದಲ್ಲಿ ಯೇಸು ಚಾವಟಿ ಎತ್ತಲಿಲ್ಲವೇ? ಕತ್ತಿ ಕೊಂಡುಕೊಳ್ಳಿ ಎನ್ನಲಿಲ್ಲವೇ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಹಗ್ಗದ ಚಾವಟಿ ಬರುವುದು ಯೋಹಾನ 2:15ರಲ್ಲಿ ಮಾತ್ರ, ಅದೂ ಕುರಿ ದನಗಳನ್ನು ಹೊರಗಟ್ಟಿದ ಮಾತಿನ ಜೊತೆಗೆ. ಪಾರಿವಾಳ ಮಾರುವವರಿಗೆ ಬಾಯಿಮಾತಿನಲ್ಲೇ ಹೇಳುತ್ತಾನೆ. ಒಬ್ಬನೇ ಒಬ್ಬನಿಗೆ ಏಟು ಬಿತ್ತೆಂದು ಎಲ್ಲೂ ಬರೆದಿಲ್ಲ. ಇನ್ನು ಕತ್ತಿ. ಲೂಕ 22:38ರಲ್ಲಿ ಶಿಷ್ಯರು ಎರಡು ಕತ್ತಿ ತೋರಿಸಿದರೆ 'ಸಾಕು' ಎನ್ನುತ್ತಾನೆ. ಹನ್ನೊಂದು ಜನಕ್ಕೆ ಎರಡು ಕತ್ತಿ ಇಟ್ಟುಕೊಂಡು ಯಾವ ಯುದ್ಧ? ಅದೇ ರಾತ್ರಿ ಶಿಷ್ಯ ಪೇತ್ರ, ಯೇಸುವನ್ನು ಹಿಡಿಯಲು ಬಂದ ಮಹಾಯಾಜಕನ ಆಳು ಮಲ್ಕನ ಬಲಗಿವಿ ಕತ್ತರಿಸಿದಾಗ ಯೇಸು ಕತ್ತಿಯನ್ನು ಒರೆಗೆ ಹಾಕಿಸಿ ಕಿವಿಯನ್ನು ವಾಸಿಮಾಡುತ್ತಾನೆ. ಪೇತ್ರನ ಕತ್ತಿ ಕಿತ್ತುಕೊಂಡು ಕರ್ತನು ಪ್ರತಿಯೊಬ್ಬ ಸಿಪಾಯಿಯ ನಿಶ್ಶಸ್ತ್ರೀಕರಣ ಮಾಡಿದನೆಂದು ಆದಿ ಸಭೆಯ ಲೇಖಕ ತೆರ್ತುಲಿಯನ್ ಬರೆದದ್ದು ಇದನ್ನು ನೋಡಿಯೇ. 295ರಲ್ಲಿ ಉತ್ತರ ಆಫ್ರಿಕಾದಲ್ಲಿ ಮಾಕ್ಸಿಮಿಲಿಯನ್ ಎಂಬ ಹುಡುಗ ನಾನು ಕ್ರೈಸ್ತ, ಸೈನ್ಯಕ್ಕೆ ಸೇರಲಾರೆ ಎಂದು ಹೇಳಿ ತಲೆ ಕೊಟ್ಟ.

ಹಳೇ ಒಡಂಬಡಿಕೆಯ ಯುದ್ಧಗಳು ನಿಜಕ್ಕೂ ಕಷ್ಟದ ಪ್ರಶ್ನೆ, ಒಂದು ಪೋಸ್ಟಿನಲ್ಲಿ ಮುಗಿಯುವಂಥದ್ದಲ್ಲ. ನಾನು ಹಿಡಿದುಕೊಂಡಿರುವುದು ಒಂದು ಎಳೆ. ಲೂಕ 4ರಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯ 61 ಓದುತ್ತಾನೆ. ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಕರ್ತನ ಮೆಚ್ಚಿಕೆಯ ವರ್ಷ. ಯೆಶಾಯನಲ್ಲಿ ಅದೇ ಸಾಲು ಮುಂದುವರಿದು 'ಮುಯ್ಯಿ ತೀರಿಸುವ ದಿನ' ಎಂದಿದೆ. ಯೇಸು ಆ ಮಾತಿಗೆ ಬರುವ ಮುಂಚೆಯೇ ಸುರುಳಿ ಸುತ್ತಿ ಕೊಟ್ಟು ಕೂತುಬಿಡುತ್ತಾನೆ. ಬಿಡುಗಡೆಯನ್ನು ಬಿಡಲಿಲ್ಲ, ಮುಯ್ಯಿಯನ್ನು ಬಿಟ್ಟ. ಮುಯ್ಯಿ ಬಿಡಿ ಎಂದು ಬಡವರಿಗೆ ಹೇಳಿ, ಬಿಡುಗಡೆಯನ್ನೂ ಬಿಟ್ಟುಬಿಡಿ ಎನ್ನುವವರು ಅರ್ಧ ಸುರುಳಿಯನ್ನೇ ಹರಿದು ಹಾಕಿದಂತೆ.

ಮೀಕ 4:3-4 ಕೂಡ ಹೀಗೇ. ಕತ್ತಿಯನ್ನು ಕುಲುಮೆಗೆ ಹಾಕಿ ಗುಳ ಮಾಡುವ ವಚನ ಎಲ್ಲರಿಗೂ ಬಾಯಿಪಾಠ. ಪ್ರತಿಯೊಬ್ಬನೂ ತನ್ನ ತನ್ನ ದ್ರಾಕ್ಷಿಬಳ್ಳಿ, ಅಂಜೂರದ ಮರದ ಕೆಳಗೆ ಹೆದರಿಕೆಯಿಲ್ಲದೆ ಕೂರುವನು ಎಂಬ ಮುಂದಿನ ಸಾಲು ಯಾರಿಗೂ ನೆನಪಿಲ್ಲ. ಗುಳ ಆದ ಮೇಲೆ ಉಳುವುದಕ್ಕೆ ಸ್ವಂತ ನೆಲ ಬೇಡವೇ?

ಅಡಿಕೆ ಕೊನೆ ಕೊಯ್ಲು ಹತ್ತಿರ ಬಂತು. ತೋಟ ಇರುವ ವಿಶ್ವಾಸಿಗಳಲ್ಲಿ ನಾಲ್ಕು ಮಾತು ಕೇಳಿಕೊಳ್ಳುತ್ತೇನೆ. ಕೂಲಿಗಾಗಿ ಸುಲಿದ ಅಡಿಕೆ ಅಳೆಯುವ ಡಬ್ಬ ಒಂದೇ ಇರಲಿ, ಅದರಲ್ಲಿ ಎಷ್ಟು ಕೆ.ಜಿ. ಹಿಡಿಯುತ್ತದೆಂದು ಸುಲಿಯುವವರ ಕಣ್ಣೆದುರಿಗೇ ತೂಗಿ ತೋರಿಸಿ. ಡಬ್ಬದ ಮೇಲೆ ಗೋಪುರ ಕಟ್ಟಿ ಅಳೆದು, ತಲೆ ಸವರಿ ಬಾಯಿಮಟ್ಟಕ್ಕೆ ತುಂಬಿದ ಲೆಕ್ಕದಲ್ಲಿ ಕೂಲಿ ಕೊಡಬೇಡಿ. ಧರ್ಮೋಪದೇಶಕಾಂಡ 24:15 ಹೇಳುವಂತೆ ಆ ದಿನದ ಕೂಲಿ ಹೊತ್ತು ಮುಳುಗುವ ಮುಂಚೆ ಅವರ ಕೈ ಸೇರಲಿ, 'ಅಡಿಕೆ ಮಾರಿದ ಮೇಲೆ' ಎನ್ನಬೇಡಿ. ಅದೇ ಅಧ್ಯಾಯದ 6ನೇ ವಚನ ಬೀಸುವ ಕಲ್ಲನ್ನು ಅಡವಿಟ್ಟುಕೊಳ್ಳಬಾರದು ಎನ್ನುತ್ತದೆ, ಮುಂಗಡ ಕೊಟ್ಟಿದ್ದೇವೆಂದು ಯಾರ ಆಧಾರ್ ಕಾರ್ಡನ್ನೂ ರೇಷನ್ ಕಾರ್ಡನ್ನೂ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಆ ಹೆಂಗಸರು ಮತ್ತೆ ಯಾಕೆ ಎಂದು ಕೇಳಿದರೆ, ಅವರಿಗೆ ಬಲಗೆನ್ನೆಯ ವಚನ ಓದಿ ಹೇಳುವ ಮುಂಚೆ ಡಬ್ಬವನ್ನು ತಕ್ಕಡಿಗಿಡಿ.