ಟೆಂಪೋ ಹೊರಟಿತ್ತು, ತಲುಪಲಿಲ್ಲ

ಮೊನ್ನೆ ಭಾನುವಾರ ಹಾರ್ಡ್ ಡಿಸ್ಕ್ ಕ್ಲೀನ್ ಮಾಡೋಣ ಅಂತ ಕೂತೆ, ಹಾಡಿನ ಫೋಲ್ಡರ್ ಎರಡಿತ್ತು, ಒಂದು 'ಸಾಂಗ್ಸ್' ಇನ್ನೊಂದು 'ಸಾಂಗ್ಸ್ ನ್ಯೂ ಫೈನಲ್', ಎರಡೂ ಒಂದೇ ಇರ್ಬೇಕು ಅನ್ಕೊಂಡು ಹಳೇದನ್ನ ಶಿಫ್ಟ್ ಡಿಲೀಟ್ ಹೊಡೆದೆ. ಫೈನಲ್ ಓಪನ್ ಮಾಡಿದ್ರೆ ಒಳಗೆ ಬರೀ ಶಾರ್ಟ್‌ಕಟ್ಟು! ಹದಿನೈದು ವರ್ಷ ಸಿಡಿಯಿಂದ, ಪೆನ್ ಡ್ರೈವಿಂದ, ಭಾವಮೈದುನನ ಮೆಮೊರಿ ಕಾರ್ಡಿಂದ ಗುಡ್ಡೆ ಹಾಕಿದ್ದು ಒಂದು ಎಂಟರ್‌ಗೆ ಹೋಯ್ತು.

ಸಮಾಧಾನಕ್ಕೆ ಮೈಸ್ಪೇಸ್ ಅನ್ನೋ ಹಳೇ ಸೋಶಿಯಲ್ ವೆಬ್‌ಸೈಟ್ ನೆನಪು ಮಾಡ್ಕೊಂಡೆ. ನಾವು ಆರ್ಕುಟ್ಟಲ್ಲಿ ಸ್ಕ್ರಾಪ್ ಬರೀತಿದ್ದಾಗ ಅಮೆರಿಕದ ಹುಡುಗ್ರು ಮನೇಲಿ ಗಿಟಾರ್ ಬಾರಿಸಿ ರೆಕಾರ್ಡ್ ಮಾಡಿದ್ದನ್ನೆಲ್ಲ ಅಲ್ಲಿ ಹಾಕ್ತಿದ್ರು. 2005ರಲ್ಲಿ ಪೇಪರ್-ಟಿವಿ ದೊರೆ ಮರ್ಡೋಕ್ ಸಾಹೇಬ್ರ ಕಂಪನಿ ಅದನ್ನ 58 ಕೋಟಿ ಡಾಲರಿಗೆ ತಗೊಂಡು 2011ರಲ್ಲಿ ಹತ್ರತ್ರ ಮೂರೂವರೆ ಕೋಟಿಗೆ ಮಾರ್ತು, ನಮ್ಮೂರಲ್ಲಿ ಕೆರೆ ಅಂಗಳದಲ್ಲಿ ಸೈಟ್ ತಗೊಂಡೋರೂ ಇಷ್ಟು ಲಾಸ್ ಮಾಡ್ಕೊಂಡಿಲ್ಲ ಬಿಡಿ.

ಆಮೇಲೆ ಹಳೇ ಹಾಡು ಯಾವ್ದೂ ಪ್ಲೇ ಆಗ್ತಿಲ್ಲ ಅಂತ ಜನ ಕೇಳಿದ್ರು. ಸರಿ ಮಾಡ್ತಾ ಇದ್ದೀವಿ, ಯಾವಾಗ ಅಂತ ಹೇಳಕ್ಕಾಗಲ್ಲ ಅಂದ್ರು ಮೈಸ್ಪೇಸ್‌ನೋರು (ನಮ್ ಲೈನ್‌ಮ್ಯಾನ್ ಹೇಳ್ದಂಗೇ ಇದೆ). 2019ರಲ್ಲಿ ನೋಡಿದ್ರೆ, ಸರ್ವರ್ ಶಿಫ್ಟ್ ಮಾಡುವಾಗ 2003ರಿಂದ 2015ರವರೆಗೆ ಜನ ಹಾಕಿದ್ದೆಲ್ಲ ಮಾಯ, ಸುಮಾರು 1.4 ಕೋಟಿ ಕಲಾವಿದರ 5 ಕೋಟಿ ಹಾಡು ಅಂತ ಲೆಕ್ಕ. ಮನೆ ಶಿಫ್ಟಿಂಗಲ್ಲಿ ಕುಕ್ಕರ್ ವಿಷಲ್ ಒಂದು ಕಾಣಿಸ್ದೇ ಇದ್ರೆ ಟೆಂಪೋ ಡ್ರೈವರ್ ಜೊತೆ ಅರ್ಧ ಗಂಟೆ ಕಿತ್ತಾಡ್ತೀವಿ, ಇಲ್ಲಿ ಟೆಂಪೋನೇ ಬಂದಿಲ್ಲ ಕಣ್ರೀ, ಬಂದಿದ್ದು ಒಂದು ಚೀಟಿ. ಅದ್ರಲ್ಲಿ ಏನಿತ್ತು? ಅನಾನುಕೂಲಕ್ಕೆ ಕ್ಷಮೆ ಇರಲಿ, ನಿಮ್ಮ ಬ್ಯಾಕಪ್ ಕಾಪಿ ನೀವು ಇಟ್ಕೊಂಡಿರಿ ಅಂತ! ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ಇವ್ರು ಆ ಬಾಗಿಲನ್ನೂ ನಿಮ್ಮನೇಲೇ ಹಾಕ್ಕೊಳ್ಳಿ ಅಂದ್ರು. ಹಾಡು ಅಲ್ಲಿದ್ಯಲ್ಲ, ಇಲ್ಯಾಕೆ ಜಾಗ ವೇಸ್ಟು ಅಂತ ತಮ್ಮ ಕಾಪಿ ಅಳಿಸಿದೋರು ಎಷ್ಟು ಜನಾನೋ.

ಯಾವುದೋ ಕಾಲೇಜು ಸಂಶೋಧಕರು ಸ್ಟಡಿಗೆ ಅಂತ ಮುಂಚೇನೇ ಇಳಿಸ್ಕೊಂಡಿದ್ದ 4.9 ಲಕ್ಷ ಹಾಡು ಇಂಟರ್ನೆಟ್ ಆರ್ಕೈವ್ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಉಳ್ಕೊಂಡಿವೆ. ನೂರಕ್ಕೆ ಒಂದು. ಕಂಪನಿ ಕಳೆದಿದ್ದು, ಹೊರಗಿನೋರು ಉಳಿಸಿದ್ದು.

ನಂಗೂ ಆಸೆ ಹುಟ್ಟಿ ಭಾವಮೈದುನಂಗೆ ಫೋನ್ ಮಾಡ್ದೆ, ಆ ಹಳೇ ಮೆಮೊರಿ ಕಾರ್ಡ್ ಇದ್ಯೇನಪ್ಪಾ ಅಂತ.

"ಇದೆ ಭಾವ, ಆದ್ರೆ ನಿಮ್ಮತ್ರ ಕಾಪಿ ಇದ್ಯಲ್ಲ ಅಂತ ಆವತ್ತೇ ಫಾರ್ಮ್ಯಾಟ್ ಹೊಡೆದ್ಬಿಟ್ಟೆ."