ಊಟ ನಿಲ್ಲಿಸಿದರೆ ವೇತನ ಹುಟ್ಟುವುದಿಲ್ಲ

ಬಿಸಿಯೂಟಕ್ಕೆ ಸುರಿಯುವ ಹಣವನ್ನು ವೇತನಕ್ಕೆ ತಿರುಗಿಸಿದರೆ ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬಬಹುದೆಂದು, ಶಾಲೆಯೊಳಗಿನ ಸಂಬಳದ ಅನ್ಯಾಯವನ್ನು ಕುರಿತ ಲೇಖನವೊಂದರಲ್ಲಿ ಲೇಖಕರು ಮಂಡಿಸಿರುವ ವಾದವನ್ನು ಒಪ್ಪಲಾಗದು. ಕರ್ನಾಟಕದಂಥ ರಾಜ್ಯಗಳಲ್ಲಿ ಅಡುಗೆ ವೆಚ್ಚದ ಶೇ 60ರಷ್ಟನ್ನು ಕೇಂದ್ರವೇ ಭರಿಸುತ್ತದೆ, ಧಾನ್ಯವನ್ನೂ ಅದೇ ಒದಗಿಸುತ್ತದೆ. ಊಟ ನಿಲ್ಲಿಸಿದ ಮಾತ್ರಕ್ಕೆ ಆ ಪಾಲಾಗಲಿ ಆ ಅಕ್ಕಿಯಾಗಲಿ ರಾಜ್ಯದ ವೇತನದ ಲೆಕ್ಕಕ್ಕೆ ಬಂದು ಸೇರುವುದಿಲ್ಲ. ಮೇಲಾಗಿ, 1995ರಲ್ಲಿ ಯೋಜನೆ ಆರಂಭವಾದ ಮೇಲೆ ಬಹುತೇಕ ರಾಜ್ಯಗಳು ಮನೆಗೆ ಧಾನ್ಯ ಹಂಚಿ ಕೈತೊಳೆದುಕೊಂಡಿದ್ದವು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು, 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಮಕ್ಕಳ ಹಕ್ಕಾಗಿಸಿತು. ಬೇಕೆಂದಾಗ ಕತ್ತರಿ ಹಾಕಬಹುದಾದ ಖರ್ಚು ಇದೆಂದು ಲೇಖಕರು ಭಾವಿಸಿದ್ದು ಹೇಗೋ ತಿಳಿಯದು.

ಆದರೆ ಶಿಕ್ಷಕರ ಸಮಯ ಊಟದ ಉಸ್ತುವಾರಿಗೆ ಹೋಗುತ್ತಿದೆ ಎಂಬ ಅವರ ದೂರಿನಲ್ಲಿ ಹುರುಳಿದೆ. ಅಕ್ಕಿ ಮೂಟೆ ತೂಗಿಸಿಕೊಳ್ಳುವುದು, ಹಾಜರಾತಿಗೆ ತಕ್ಕಂತೆ ಅಳೆದು ಕೊಡುವುದು, ಬಡಿಸುವ ಮುನ್ನ ರುಚಿ ನೋಡಿ ಪುಸ್ತಕದಲ್ಲಿ ಬರೆದಿಡುವುದು, ಇವೆಲ್ಲ ಏಕೋಪಾಧ್ಯಾಯ ಶಾಲೆಯಲ್ಲಿ ಪಾಠದ ಹೊತ್ತನ್ನೇ ನುಂಗುತ್ತವೆ (ರುಚಿ ನೋಡುವುದನ್ನಂತೂ ಬಿಡುವಂತಿಲ್ಲ, ಬಿಡಲೂಬಾರದು). ಲೆಕ್ಕಪತ್ರದ ಕೆಲಸಕ್ಕೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ಪ್ರತ್ಯೇಕ ಸಿಬ್ಬಂದಿಯನ್ನು ಕೊಟ್ಟರೆ ಈ ಹೊರೆಯಲ್ಲಿ ದೊಡ್ಡ ಪಾಲು ಇಳಿಯುತ್ತದೆ.

ವೇತನದ ಮಾತು ಬಂದಿರುವುದರಿಂದ ಇನ್ನೊಂದು ವಿಷಯ: ಅಡುಗೆಯವರಿಗೆ 2009ರಲ್ಲಿ ಕೇಂದ್ರ ನಿಗದಿಪಡಿಸಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳು ಮಾತ್ರ. ಹತ್ತು ವರ್ಷ ಕಳೆದರೂ ಆ ಮೊತ್ತ ಕದಲಲಿಲ್ಲ. ಹೆಚ್ಚಾದದ್ದೇನಿದ್ದರೂ ರಾಜ್ಯಗಳು ತಮ್ಮ ಕೈಯಿಂದ ಸೇರಿಸಿದ್ದು. ಶಾಲೆಯೊಳಗಿನ ಸಂಬಳದ ಅನ್ಯಾಯವನ್ನು ಕುರಿತ ಇಷ್ಟು ದೀರ್ಘ ಲೇಖನದಲ್ಲಿ ಈ ಹೆಂಗಸರ ಬಗ್ಗೆ ಒಂದು ಸಾಲೂ ಇಲ್ಲ.